ಹಳೆಯ ಬಟ್ಟೆಯ ಮಾರಾಟ: ಕೆಂಪು ಕಲೆಯ ಪ್ರಶ್ನೆ, ಜೊತೆಗೆ ಇನ್ನು ಕೆಲವು

ಬಳಸಿದ ಬಟ್ಟೆಗಳನ್ನು ಕೊಂಡು, ತೊಳೆದು, ಆನ್‌ಲೈನ್‌ನಲ್ಲಿ ಮಾರುವ ಕಿರುವ್ಯಾಪಾರದ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದಲ್ಲಿ ವರ್ಷಗಟ್ಟಲೆ ರಾಸಾಯನಿಕಗಳ ನಡುವೆ ದುಡಿದು ಆಮೇಲೆ ಈ ವ್ಯಾಪಾರಕ್ಕೆ ಬಂದವನಾದ್ದರಿಂದ, ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ. ಖಾತೆ ತೆರೆಯುವುದು ಹೇಗೆ, ಚಿತ್ರ ಏರಿಸುವುದು ಹೇಗೆ ಎಂಬುದನ್ನು ಮನೆಯಲ್ಲಿರುವ ಹೈಸ್ಕೂಲು ಮಕ್ಕಳಿಂದ ಕೇಳಿ ತಿಳಿಯಬಹುದು.

ಪ್ರಶ್ನೆ: ಸಂಡೂರಿನ ಕಡೆ ಅದಿರಿನ ದೂಳಿನಿಂದ ಕೆಂಪಾದ ಬಿಳಿ ಅಂಗಿಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ಬ್ಲೀಚ್ ಹಾಕಿ, ಬೆವರಿನ ವಾಸನೆಯನ್ನೂ ತೆಗೆದು, ಹೊಸದರಂತೆ ಮಾಡಿ ಮಾರಬಹುದೇ?

‘ಹೊಸದರಂತೆ’ ಎಂಬ ಮಾತನ್ನು ಮೊದಲು ಬಿಡಿ. ಕೊಳ್ಳುವವರು ಹಳೆಯ ಬಟ್ಟೆಯೆಂದು ತಿಳಿದೇ ಕೊಳ್ಳುತ್ತಾರೆ. ಅವರು ಮುನಿಸಿಕೊಳ್ಳುವುದು ನೀವು ಹೇಳದ ಕಲೆಯನ್ನು ಪಾರ್ಸಲ್ ಬಿಚ್ಚಿದಾಗ ಕಂಡರೆ ಮಾತ್ರ.

ಇನ್ನು ಬ್ಲೀಚ್. ಅದಿರಿನ ಕೆಂಪು ದೂಳೆಂದರೆ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಬ್ಲೀಚ್ ಕೆಲಸ ಮಾಡುವುದು ಬಣ್ಣವನ್ನು ಆಕ್ಸಿಡೀಕರಿಸುವ ಮೂಲಕ. ಆಗಲೇ ಪೂರ್ತಿ ಆಕ್ಸಿಡೀಕರಣಗೊಂಡಿರುವ ವಸ್ತುವಿನ ಮೇಲೆ ಅದನ್ನು ಸುರಿಯುವುದು ಸುಟ್ಟು ಬೂದಿಯಾದುದಕ್ಕೆ ಮತ್ತೆ ಬೆಂಕಿ ಹಚ್ಚಿದಂತೆ. ಕಲೆ ಹಾಗೆಯೇ ಉಳಿಯುತ್ತದೆ. ಮೇಲಾಗಿ ಕಬ್ಬಿಣವಿರುವ ಜಾಗದಲ್ಲಿ ಬ್ಲೀಚ್ ಹೆಚ್ಚು ರಭಸವಾಗಿ ಒಡೆದು ಹತ್ತಿಯ ನೂಲನ್ನೇ ತಿನ್ನುತ್ತದೆ. ನಾಲ್ಕು ಸಲ ಒಗೆದ ಮೇಲೆ ಅದೇ ಜಾಗದಲ್ಲಿ ತೂತು ಬಿದ್ದರೆ ‘ಬಟ್ಟೆ ಜೀರ್ಣವಾಗಿತ್ತು’ ಎಂದು ಯಾರೂ ನನ್ನ ಮುಂದೆ ಹೇಳಬಾರದು.

ದೂಳಿನ ಬಟ್ಟೆಯನ್ನು ಬಂದ ಕೂಡಲೇ ನೀರಿಗೆ ಹಾಕುವುದೇ ಮೊದಲ ತಪ್ಪು. ಒಣಗಿರುವಾಗಲೇ ಚೆನ್ನಾಗಿ ಕೊಡವಿ, ಮೆತ್ತನೆಯ ಬ್ರಶ್‌ನಿಂದ ಹೊಲಿಗೆಯ ಸಂದುಗಳನ್ನು ಬಿಡಿಸಿ, ಅನಂತರ ಡಿಟರ್ಜೆಂಟ್ ನೀರಿನಲ್ಲಿ ತೊಳೆಯಬೇಕು. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಬಾರ್ ಸಾಬೂನನ್ನು ಉಜ್ಜಿದರೆ ಅದು ಜಿಡ್ಡಾಗಿ ನೂಲಿಗೆ ಅಂಟಿ ಬಿಳಿಯನ್ನು ಬೂದು ಮಾಡುತ್ತದೆ. ತೊಳೆದ ಮೇಲೂ ಉಳಿದ ಕಲೆಗೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಜಾಲಿಸಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಅಂಚಿನಲ್ಲಿ ಪರೀಕ್ಷಿಸಬೇಕು. ಗುಂಡಿ ಅಥವಾ ತಂತಿಯಿಂದ ಅಂಟಿದ ತುಕ್ಕು ಇದಕ್ಕೆ ಸಾಮಾನ್ಯವಾಗಿ ಜಗ್ಗುತ್ತದೆ. ನೂಲಿನೊಳಗೆ ಕೂತ ಅದಿರಿನ ಕಣ ಪೂರ್ತಿ ಹೋಗುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ಕೊಪ್ಪಳದ ಓದುಗರು ಕೇಳುವ ಕಾರ್ಖಾನೆಯ ಕಪ್ಪು ಮಸಿಯಂತೂ ಇಂಗಾಲ. ಅದು ನಿಂಬೆಗೂ ಜಗ್ಗದು, ಬ್ಲೀಚಿಗೂ ಜಗ್ಗದು. ಅದನ್ನು ಒದ್ದೆ ಕೈಯಲ್ಲಿ ಮುಟ್ಟದೆ ಕೊಡವಬೇಕು, ಅಷ್ಟೆ.

ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ‘ಎರಡೂ ಸೇರಿದರೆ ಎರಡು ಪಟ್ಟು ಶಕ್ತಿ’ ಎಂದು ಬ್ಲೀಚಿನೊಂದಿಗೆ ನಿಂಬೆ ಉಪ್ಪನ್ನಾಗಲಿ, ವಿನೆಗರ್ ಅನ್ನಾಗಲಿ, ಶೌಚಾಲಯ ತೊಳೆಯುವ ಆಮ್ಲವನ್ನಾಗಲಿ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ. ಘಟಕದಲ್ಲಿ ಒಮ್ಮೆ, ಮುಚ್ಚಳ ತೆರೆದ ಒಂದೇ ಡಬ್ಬಿಯ ವಾಸನೆಗೆ ನಾವು ಆರು ಮಂದಿ ಕೆಮ್ಮುತ್ತ ಹೊರಗೆ ಓಡಿದ್ದೆವು. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಓಡುವುದಕ್ಕೂ ಜಾಗವಿರುವುದಿಲ್ಲ. ಇನ್ನು ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದಾಗ ಬರುವ ನೊರೆಯನ್ನು ತೋರಿಸಿ ‘ಪವಾಡ’ ಎನ್ನುವ ವಿಡಿಯೊದವರು ನಿಮ್ಮನ್ನು ಕೊಲ್ಲುವುದಿಲ್ಲ, ಮೋಸ ಮಾತ್ರ ಮಾಡುತ್ತಾರೆ: ಒಂದನ್ನೊಂದು ನುಂಗಿಕೊಂಡ ಮೇಲೆ ಉಳಿಯುವುದು ತೊಳೆಯುವ ಕಸುವೇ ಇಲ್ಲದ ಲವಣದ ನೀರು.

ಬೆವರಿನ ವಾಸನೆಯ ವಿಷಯದಲ್ಲಿ ಕೊಳ್ಳುವಾಗಲೇ ಮೂಗನ್ನು ಬಳಸಿ. ಹತ್ತಿ ವಾಸನೆಯನ್ನು ಬಿಟ್ಟುಕೊಡುತ್ತದೆ; ಪಾಲಿಯೆಸ್ಟರ್ ಮೈಯ ಎಣ್ಣೆಯನ್ನು ಹಿಡಿದಿಟ್ಟುಕೊಂಡು, ತೊಳೆದು ಇಸ್ತ್ರಿ ಮಾಡುವ ಹೊತ್ತಿಗೆ ಮತ್ತೆ ಹೊರಬಿಡುತ್ತದೆ. ಕಂಕುಳಿನ ಹಳದಿ ಕಲೆ ಬರಿಯ ಬೆವರಲ್ಲ, ಬೆವರು ತಡೆಯುವ ಲೇಪನದಲ್ಲಿರುವ ಅಲ್ಯುಮಿನಿಯಂ ಲವಣದೊಂದಿಗೆ ಬೆರೆತದ್ದು. ಕ್ಲೋರಿನ್ ಬ್ಲೀಚ್ ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ. ಬಿಳಿ ಹತ್ತಿಗೆ ಆಮ್ಲಜನಕ ಬಿಡುವ ಬ್ಲೀಚ್ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಬಳಸಬಹುದು, ರೇಷ್ಮೆ ಮತ್ತು ಉಣ್ಣೆಗೆ ಕೂಡದು. ಹಿಗ್ಗುವ ಜೀನ್ಸ್‌ಗೆ ಕ್ಲೋರಿನ್ ತಾಗಿಸಿದರೆ ಅದರೊಳಗಿನ ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಹದಗೆಟ್ಟು ಮಂಡಿ ಜೋಲುತ್ತದೆ. ಜೀನ್ಸನ್ನು ಫ್ರಿಜ್ಜಿನಲ್ಲಿಟ್ಟರೆ ಕ್ರಿಮಿ ಸಾಯುತ್ತದೆಯೇ ಎಂದು ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ಸಾಯುವುದಿಲ್ಲ, ಮೊಸರಿಗೆ ಜೀನ್ಸಿನ ವಾಸನೆ ಬರುತ್ತದೆ. ಅತ್ತರು ಸಿಂಪಡಿಸಿ ಕಳಿಸುವವರು ಈ ಅಂಕಣವನ್ನು ಓದದಿದ್ದರೂ ಆದೀತು.

ಪ್ರಶ್ನೆ: ಲೇಬಲಿನ ಮೇಲಿನ ಅಳತೆಯನ್ನೇ ಬರೆದರೆ ಸಾಲದೇ?

ಸಾಲದು. ಹತ್ತು ವರ್ಷ ಒಗೆದ 32ರ ಪ್ಯಾಂಟು 32 ಆಗಿ ಉಳಿದಿರುವುದಿಲ್ಲ. ಸಮತಟ್ಟಾಗಿ ಹಾಸಿ, ಸೊಂಟ, ತೊಡೆ, ಒಳಕಾಲಿನ ಉದ್ದವನ್ನು ಟೇಪು ಹಿಡಿದೇ ಬರೆಯಬೇಕು.

ಪ್ರಶ್ನೆ: ಊರಿನಲ್ಲೇ ಹೊಲಿದ ಜೀನ್ಸ್‌ಗೆ ದೊಡ್ಡ ಕಂಪನಿಯ ಲೇಬಲ್ ಇದೆ. ಬ್ರಾಂಡೆಡ್ ಎಂದು ಹಾಕಬಹುದೇ?

ಹಾಕಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಬಳ್ಳಾರಿಯ ಹೊಲಿಗೆ ಬಳ್ಳಾರಿಯದೆಂದೇ ಮಾರಾಟವಾಗುವಷ್ಟು ಚೆನ್ನಾಗಿರುವಾಗ ಈ ಕಳ್ಳ ಲೇಬಲಿನ ಹಂಗು ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಪ್ರಶ್ನೆ: ರಾಯಚೂರಿನಿಂದ ಮಾರುತ್ತೇನೆ. ವಹಿವಾಟು ತೀರ ಚಿಕ್ಕದು, ಜಿಎಸ್‌ಟಿ ನೋಂದಣಿ ಬೇಡ ತಾನೇ?

ಇಲ್ಲಿ ಗಡಿ ಜಿಲ್ಲೆಯವರು ಎಡವುತ್ತಾರೆ. ಕರ್ನಾಟಕದೊಳಗಷ್ಟೇ ಸರಕು ಮಾರುವವರಿಗೆ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿಯ ಮಿತಿಯನ್ನು ದಾಟುವವರೆಗೆ ನೋಂದಣಿ ಬೇಡ. ಆದರೆ ಗದ್ವಾಲಕ್ಕೋ ಆದೋನಿಗೋ ಒಂದು ಪಾರ್ಸಲ್ ಕಳಿಸಿದರೂ ಅದು ಅಂತರರಾಜ್ಯ ಮಾರಾಟ, ಅದಕ್ಕೆ ನೋಂದಣಿ ಬೇಕೇ ಬೇಕು. ನಿಮ್ಮ ಮನೆಯ ನಾಲ್ಕು ಹಳೆಯ ಸೀರೆಗಳನ್ನು ಮಾರುವುದು ಬೇರೆ, ಕೊಂಡು ಮಾರುವುದು ವ್ಯಾಪಾರ. ನೋಂದಾಯಿಸಿದವರು ಬಳಸಿದ ಸರಕಿಗೆ, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಪಡೆಯದಿದ್ದರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶ ಜಿಎಸ್‌ಟಿಯ 32(5)ನೇ ನಿಯಮದಲ್ಲಿದೆ. ಹಾಗಾಗಿ ಪಾತ್ರೆಗೆ ಹಳೆಯ ಬಟ್ಟೆ ಪಡೆಯುವವರಿಂದ ಕೊಂಡರೂ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ಉಳಿದದ್ದನ್ನು ಲೆಕ್ಕಪರಿಶೋಧಕರಿಗೆ ಶುಲ್ಕ ಕೊಟ್ಟು ಕೇಳಿ.

ಪ್ರಶ್ನೆ: ವಿದೇಶಿ ಹಳೆಯ ಬಟ್ಟೆಯ ಬೇಲ್ ಕೊಡುತ್ತೇವೆಂದು ಮುಂಗಡ ಕೇಳುತ್ತಿದ್ದಾರೆ. ಕೊಡಲೇ?

ಬೇಡ. ಬಳಸಿದ ಬಟ್ಟೆಯ ಆಮದು ನಮ್ಮಲ್ಲಿ ನಿರ್ಬಂಧಿತ. ಪರವಾನಗಿ ತೋರಿಸದವನಿಗೆ ಚಹಾದ ದುಡ್ಡನ್ನೂ ಕೊಡಬೇಡಿ.

ಪ್ರಶ್ನೆ: ಕೊಳ್ಳುವವರು ಹಣ ಹಾಕಲು ನನ್ನ ಯುಪಿಐ ಪಿನ್ ಒತ್ತಬೇಕೆನ್ನುತ್ತಾರೆ.

ಹಣ ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ. ಈಗಾಗಲೇ ಒತ್ತಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಕುಷ್ಟಗಿಯಲ್ಲಿ ಅಜ್ಜಿಯ ಕಾಲದ ಇಳಕಲ್ ಸೀರೆಗಳು ಸಿಕ್ಕಿವೆ. ತೊಳೆದು ಮಾರಲೇ?

ದಯವಿಟ್ಟು ತೊಳೆಯಬೇಡಿ, ನಿಂಬೆ ಉಪ್ಪನ್ನಂತೂ ಹತ್ತಿರಕ್ಕೂ ತರಬೇಡಿ. ನೆರಳಿನಲ್ಲಿ ಗಾಳಿಗೆ ಹರವಿ, ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಸೆರಗಿನ ಹಾಸಿನೊಂದಿಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ್ದರೆ ಆ ಜಾಗದ ಸ್ಪಷ್ಟ ಚಿತ್ರವೊಂದನ್ನು ತೆಗೆದು ಹಾಕಿ, ತಿಳಿದವರು ಬೆಲೆಯನ್ನು ತಾವೇ ಕೇಳುತ್ತಾರೆ. ಮಡಿಕೆಯ ಗೆರೆಯಲ್ಲಿ ರೇಷ್ಮೆ ಬಿರಿದಿದ್ದರೆ ಅದರ ಚಿತ್ರವನ್ನೂ ಹಾಕಬೇಕು. ತೀರಿಹೋದವರ ಸೀರೆಯೆಂದು ಹೇಳಬೇಕೇ ಎಂದೂ ಕೇಳಿದ್ದೀರಿ. ಕೇಳಿದವರಿಗೆ ಹೇಳಿ.