ಲಂಡನ್ ಬಿಡಿ, ಆ ಕ್ಯಾಸೆಟ್ ಬಗ್ಗೆ ಬರೆಯಿರಿ

ನಮಸ್ಕಾರ,

ನಿಮ್ಮ ‘ಮತ್ತೆ ಸಿಕ್ಕ ರಾಕ್’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಕೊನೆವರೆಗೂ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಈ ಉದ್ದದ ಪತ್ರ ಅದಕ್ಕೋಸ್ಕರ.

ನೀವು ಒಪ್ಪಿದ್ದರಿಂದ ಉತ್ತರವನ್ನು ಈ ಅಂಕಣದಲ್ಲೇ ಹಾಕುತ್ತಿದ್ದೇನೆ. ಬೇರೆ ಓದುಗರಿಗಾಗಿ ಎರಡು ಮಾತು: ಲೇಖಕರು ದಾವಣಗೆರೆಯವರು. ತೊಂಬತ್ತರ ದಶಕದಲ್ಲಿ ಅಲ್ಲೇ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೆಳೆಯರಿಂದ ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್, ಜೆಥ್ರೊ ಟಲ್ ಅನ್ನುವ ಇಂಗ್ಲೆಂಡಿನ ರಾಕ್ ತಂಡಗಳ ಹುಚ್ಚು ಹಿಡಿಸಿಕೊಂಡವರು. ಆಮೇಲೆ ಕೆಲಸ, ಮದುವೆ, ಮಕ್ಕಳು. ಕೇಳುವುದು ನಿಂತುಹೋಯಿತು. ಈಗ ಅದೇ ಆಲ್ಬಂಗಳನ್ನು ಫೋನಿನಲ್ಲಿ ಹುಡುಕಿ ಮತ್ತೆ ಕೇಳುತ್ತಿದ್ದಾರೆ. ಲೇಖನದಲ್ಲಿ ಹನ್ನೊಂದು ಆಲ್ಬಂಗಳಿವೆ.

ಮೊದಲ ಆರು ಪುಟ ಓದುವಾಗ ನೀವು ಎಲ್ಲೂ ಸಿಗಲಿಲ್ಲ. ಕದ್ದಿದ್ದೀರಿ ಅನ್ನುತ್ತಿಲ್ಲ, ವಾಕ್ಯಗಳು ನಿಮ್ಮವೇ. ಆದರೆ ಆ ಕಾಲದ ಲಂಡನ್ನಿನಲ್ಲಿ ನಿಂತು ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ‘1969ರ ಅಕ್ಟೋಬರ್‌ನಲ್ಲಿ ಕಿಂಗ್ ಕ್ರಿಮ್ಸನ್ ಮೊದಲ ಆಲ್ಬಂ ಬಂತು, ಜಗತ್ತೇ ಬೆಚ್ಚಿಬಿತ್ತು’ ಅಂತೀರಿ. ದಾವಣಗೆರೆ ಬೆಚ್ಚಿಬೀಳಲಿಲ್ಲ ಸ್ವಾಮಿ. ಅಲ್ಲಿ ಆಗ ಹತ್ತಿ ಗಿರಣಿಗಳ ಕಾಲ. ಇಂಗ್ಲೆಂಡಿನಿಂದ ಊರಿಗೆ ಬಂದದ್ದು ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರೊಂದೇ. ಈ ಸಂಗೀತ ನಿಮ್ಮ ಕೈಗೆ ಸಿಕ್ಕಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ. ಅದೂ ಹಿಂದುಮುಂದಾಗಿ, ಕವರ್ ಇಲ್ಲದೆ, ಅರ್ಧಕ್ಕೇ ಕಟ್ ಆಗಿ. ಇಂಗ್ಲೆಂಡಿನ ಅಭಿಮಾನಿಗಳು ಬರೆಯಲಾರದ ಸಂಗತಿ ನಿಮ್ಮ ಹತ್ತಿರ ಇರುವುದು ಇಷ್ಟೇ. ಅದನ್ನೇ ನೀವು ನಾಚಿಕೆಪಟ್ಟು ಮುಚ್ಚಿಟ್ಟಿದ್ದೀರಿ.

ಈಗ ಏಳನೇ ಪುಟ. ಜೆಥ್ರೊ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ ಅನ್ನು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಕೇಳುತ್ತಿದ್ದೆ ಅಂತ ಬರೆದಿದ್ದೀರಿ. 1972ರ ಆ ಆಲ್ಬಂನಲ್ಲಿ ಇರುವುದು ಒಂದೇ ಹಾಡು, ಸುಮಾರು 44 ನಿಮಿಷ. ಎಲ್‌ಪಿಯಲ್ಲಿ (ದೊಡ್ಡ ಗ್ರಾಮಫೋನ್ ತಟ್ಟೆಯಲ್ಲಿ) ಅದು ಹೆಚ್ಚು ಕಡಿಮೆ ನಡುಮಧ್ಯದಲ್ಲಿ ಬದಿ ಬದಲಿಸುತ್ತದೆ. ನಿಮ್ಮ ಕ್ಯಾಸೆಟ್‌ನಲ್ಲಿ ಮೂವತ್ತನೇ ನಿಮಿಷಕ್ಕೆ ಟಪ್ ಅಂತ ನಿಲ್ಲುತ್ತಿತ್ತು. ತಿರುಗಿಸಿ ಹಾಕಿದರೆ ನಡುವಿನ ಕೆಲವು ಸೆಕೆಂಡು ಮಾಯ. ಮಿಕ್ಕ ಹದಿನಾಲ್ಕು ನಿಮಿಷ ಮುಗಿದ ಮೇಲೆ, ಆ ಕ್ಯಾಸೆಟ್ಟಿನಲ್ಲಿ ಮೊದಲಿದ್ದ ವಚನ ಗಾಯನ ಅರ್ಧದಿಂದ ಶುರುವಾಗುತ್ತಿತ್ತು. ಮನೆಯವರ ಕ್ಯಾಸೆಟ್ ಮೇಲೆ ಹೇಳದೆ ಕೇಳದೆ ಟಲ್ ತುಂಬಿಸಿದ್ದಿರಿ. ಈಗ ಫೋನಿನಲ್ಲಿ ಕೇಳುವಾಗ ಮೂವತ್ತನೇ ನಿಮಿಷ ಬರುತ್ತಿದ್ದಂತೆ ಕೈ ತಾನಾಗಿ ಮೇಲೇಳುತ್ತದೆ, ಹಾಡು ಮಾತ್ರ ಮುಂದೆ ಹೋಗುತ್ತದೆ ಅಂತ ಬರೆದಿದ್ದೀರಿ.

ಅಷ್ಟು ಬರೆದು ಪ್ಯಾರಾ ಮುಗಿಸಿಬಿಟ್ಟಿದ್ದೀರಿ! ಮುಂದಿನ ಸಾಲಿಗೆ ಪಿಂಕ್ ಫ್ಲಾಯ್ಡ್ ಬಂತು. ಕಳೆದುಹೋಗಿದ್ದ ಆ ಸೆಕೆಂಡುಗಳಲ್ಲಿ ಏನಿತ್ತು? ಕೊಳಲೇ, ಆರ್ಗನ್ನೇ, ಹಾಡಿನ ಒಂದು ಸಾಲೇ? ಇಷ್ಟು ವರ್ಷ ಆ ಜಾಗವನ್ನು ಮನಸ್ಸು ಹೇಗೆ ತುಂಬಿಕೊಂಡಿತ್ತು? ನಿಜವಾದದ್ದು ಕೇಳಿದಾಗ ಖುಷಿಯಾಯಿತೋ, ಇಷ್ಟೇನಾ ಅನ್ನಿಸಿತೋ? ಇಲ್ಲಿ ಎರಡು ಪುಟ ಬರೆಯಿರಿ. ನಾನು ಒಂದು ಸಾಲೂ ಕತ್ತರಿಸುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ. ಆ ಆಲ್ಬಂ ಒಂದು ತಮಾಷೆ. ಅದರ ಹಿಂದಿನ ವರ್ಷ ಬಂದ ‘ಆಕ್ವಾಲಂಗ್’ ಅನ್ನು ವಿಮರ್ಶಕರು ‘ಕಾನ್ಸೆಪ್ಟ್ ಆಲ್ಬಂ’, ಅಂದರೆ ಒಂದೇ ವಿಷಯದ ಸುತ್ತ ಹೆಣೆದ ಹಾಡುಗಳು, ಅಂತ ಕರೆದರು. ಟಲ್ ತಂಡದ ನಾಯಕ ಇಯಾನ್ ಆ್ಯಂಡರ್ಸನ್ ಅಲ್ಲ ಅಂದರು. ಹಾಗಾದರೆ ತಗೊಳ್ಳಿ ಅಂತ, ಎಲ್ಲ ಕಾನ್ಸೆಪ್ಟ್ ಆಲ್ಬಂಗಳನ್ನೂ ಅಣಕಿಸುವಂಥ ಒಂದನ್ನು ಮಾಡಿದರು. ಹಾಡಿನ ಸಾಹಿತ್ಯ ಎಂಟು ವರ್ಷದ ಹುಡುಗನೊಬ್ಬ ಬರೆದ ಕವನ ಅಂತ ಹೇಳಿಕೊಂಡರು. ಆ ಹುಡುಗ ಇರಲೇ ಇಲ್ಲ. ಕವರ್ ಬಿಚ್ಚಿದರೆ 12 ಪುಟದ ಸಣ್ಣ ಊರಿನ ಪತ್ರಿಕೆ. ಪದಬಂಧ, ಜಾಹೀರಾತು, ಸ್ಥಳೀಯ ಸುದ್ದಿ, ಎಲ್ಲವೂ ಕಟ್ಟುಕತೆ. ಎಲ್‌ಪಿ ಕೊಂಡವರಿಗೆ ಹಾಡು ಶುರುವಾಗುವ ಮೊದಲೇ ನಗು ಬರುತ್ತಿತ್ತು.

ನಿಮಗೆ ಸಿಕ್ಕಿದ್ದು ಬಾಲ್ ಪೆನ್ನಿನಲ್ಲಿ ಹೆಸರು ಬರೆದ ಕ್ಯಾಸೆಟ್. ಪತ್ರಿಕೆ ಇಲ್ಲ, ಹುಡುಗ ಇಲ್ಲ, ನಗುವಿಗೆ ಸುಳಿವೇ ಇಲ್ಲ. ಹಾಗಾಗಿ ನೀವೂ ನಿಮ್ಮ ಗೆಳೆಯರೂ ಅದನ್ನು ಮಹಾ ಗಂಭೀರವಾಗಿ ತಗೊಂಡಿರಿ. ‘ರಾತ್ರಿಯೆಲ್ಲ ಅರ್ಥ ಚರ್ಚಿಸುತ್ತಿದ್ದೆವು’ ಅಂತ ನೀವೇ ಬರೆದಿದ್ದೀರಿ. ಓದಿ ನನಗೆ ಜೋರಾಗಿ ನಗು ಬಂತು. ಹೀಯಾಳಿಸಲು ಹೇಳುತ್ತಿಲ್ಲ. ಅಣಕವನ್ನು ನಂಬಿ ಕೇಳಿದವರ ಕಿವಿಗೆ ಅದರಲ್ಲಿ ಏನು ಕೇಳಿಸಿತು ಅನ್ನುವುದು ನಿಜಕ್ಕೂ ಹೊಸ ವಿಷಯ. ಇದರ ಬಗ್ಗೆ ನಾನು ಕನ್ನಡದಲ್ಲಿ ಓದಿಲ್ಲ, ಇಂಗ್ಲಿಷಿನಲ್ಲೂ ಓದಿಲ್ಲ.

ಹಿಂದುಮುಂದಾದ ಇನ್ನೊಂದು ಸಂಗತಿಯೂ ಇದೆ. ಫಿಲ್ ಕಾಲಿನ್ಸ್ ನಿಮಗೆ ಮೊದಲು ಗೊತ್ತಾದದ್ದು ಟಿವಿಯಲ್ಲಿ ಬರುವ ಪಾಪ್ ಗಾಯಕರಾಗಿ. ಆಮೇಲೆ ಯಾರೋ ಜೆನೆಸಿಸ್‌ನ ‘ಫಾಕ್ಸ್‌ಟ್ರಾಟ್’ ಕೊಟ್ಟರು. 1972ರ ಆಲ್ಬಂ. ಅದರಲ್ಲಿ ‘ಸಪರ್ಸ್ ರೆಡಿ’ ಅನ್ನುವ ಸುಮಾರು 23 ನಿಮಿಷದ ಹಾಡು. ಹಾಡುವುದು ಪೀಟರ್ ಗೇಬ್ರಿಯಲ್, ಕಾಲಿನ್ಸ್ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದಾರೆ. ಗೇಬ್ರಿಯಲ್ 1975ರಲ್ಲಿ ತಂಡ ಬಿಟ್ಟ ಮೇಲೆಯೇ ಕಾಲಿನ್ಸ್ ಮುಖ್ಯ ಗಾಯಕರಾಗಿ ಮೈಕ್ ಮುಂದೆ ಬಂದದ್ದು. ಅಲ್ಲಿಯ ಅಭಿಮಾನಿಗಳು ಡ್ರಮ್ಮರ್ ಒಬ್ಬ ಪಾಪ್ ಸ್ಟಾರ್ ಆಗುವುದನ್ನು ಕಂಡರು, ಕೆಲವರು ಮುನಿಸಿಕೊಂಡರು. ನೀವು ಪಾಪ್ ಸ್ಟಾರ್ ಒಬ್ಬರು ಹಿಂದಕ್ಕೆ ಸರಿದು ಡ್ರಮ್ಮರ್ ಆಗುವುದನ್ನು ಕಂಡಿರಿ. ಮುನಿಯಲು ನಿಮಗೆ ಕಾರಣವೇ ಇರಲಿಲ್ಲ. ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೇ ಸಾಲು: ‘ತಿಳಿದು ಆಶ್ಚರ್ಯವಾಯಿತು’.

ಈ ಆಶ್ಚರ್ಯ, ರೋಮಾಂಚನ, ಅದ್ಭುತಗಳು ಜಾಸ್ತಿಯಾಗಿವೆ. ‘ಬೇರೊಂದು ಲೋಕಕ್ಕೆ ಹೋದ ಅನುಭವ’ ನಾಲ್ಕು ಆಲ್ಬಂಗಳಲ್ಲಿ ಆಗಿದೆ. ನಾಲ್ಕೂ ಸಲ ಒಂದೇ ಲೋಕವಾ? ಓದುಗರಲ್ಲಿ ಹೆಚ್ಚಿನವರು ಈ ಹಾಡುಗಳನ್ನು ಕೇಳಿಲ್ಲ. ಅವರ ಕಿವಿಗೆ ಏನಾದರೂ ಕೊಡಿ.

ಪಿಂಕ್ ಫ್ಲಾಯ್ಡ್‌ನ ‘ಮನಿ’ ನೋಡಿ. ನಾಣ್ಯದ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು. ಇವನ್ನು ಟೇಪಿನ ತುಂಡುಗಳಾಗಿ ಕತ್ತರಿಸಿ, ಅಂಟಿಸಿ, ಉಂಗುರದ ಹಾಗೆ ಸುತ್ತಿಸಿದ್ದಾರೆ. ಆ ಸುತ್ತಿಗೆ ಏಳು ಎಣಿಕೆ. ನೀವು ‘ವಿಚಿತ್ರವಾದ ಪಾಶ್ಚಾತ್ಯ ಲಯ’ ಅಂತ ಬರೆದಿದ್ದೀರಿ. ಏಳು ನಮಗೆ ವಿಚಿತ್ರ ಹೇಗಾಗುತ್ತದೆ? ಮಿಶ್ರಛಾಪು ಕೇಳದ ಊರೇ ನಮ್ಮಲ್ಲಿ ಇಲ್ಲ. ‘ಏಳು ಎಣಿಸಿಕೊಂಡು ಕೇಳಿ’ ಅಂದರೆ ಓದುಗರು ತೊಡೆ ತಟ್ಟಿಕೊಂಡು ಕೇಳುತ್ತಾರೆ. ಸ್ಯಾಕ್ಸೊಫೋನ್ ಏಳರಲ್ಲೇ ಹೋಗುತ್ತದೆ. ಗಿಟಾರ್ ಸರದಿ ಬಂದಾಗ ಲಯ ನಾಲ್ಕಕ್ಕೆ ತಿರುಗುತ್ತದೆ, ಹಾಡು ಓಡತೊಡಗುತ್ತದೆ. ನೀವು ಹೇಳಿದ ರೋಮಾಂಚನ ಆಗುವುದು ಅಲ್ಲೇ. ಆ ಜಾಗ ತೋರಿಸಿ, ಸಾಕು.

ಕಿಂಗ್ ಕ್ರಿಮ್ಸನ್ ಆಲ್ಬಂನಲ್ಲಿ ‘ಇಡೀ ಪಿಟೀಲು ವೃಂದ ಮೊರೆಯುತ್ತದೆ’ ಅಂತ ಬರೆದಿದ್ದೀರಿ. ಅಲ್ಲಿ ಪಿಟೀಲು ವೃಂದ ಇಲ್ಲ. ಅದು ಮೆಲೊಟ್ರಾನ್ ಅನ್ನುವ ಕೀಬೋರ್ಡ್ ವಾದ್ಯ, ಬಾರಿಸಿದವರು ಇಯಾನ್ ಮೆಕ್‌ಡೊನಾಲ್ಡ್. ಅದರ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಮನೆ ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪಿಟೀಲಿನ ಒಂದು ಸ್ವರ ಓಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪ್ ಮುಗಿಯುತ್ತದೆ. ಬೆರಳೆತ್ತಿ ಮತ್ತೆ ಒತ್ತಬೇಕು. ಟೇಪ್ ಮುಗಿದು ಹಾಡು ನಿಲ್ಲುವ ಕಷ್ಟ ನಿಮಗಂತೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಬೇರೆ ತಪ್ಪುಗಳೂ ಇವೆ. ಸಿಡ್ ಬ್ಯಾರೆಟ್ ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ನಲ್ಲಿ ಹಾಡಿಲ್ಲ. ಅವರು 1968ರಲ್ಲೇ ತಂಡದಿಂದ ಹೊರಗೆ ಬಂದಿದ್ದರು, ಆ ಆಲ್ಬಂ 1973ರದು. ‘ಹ್ಯಾವ್ ಎ ಸಿಗಾರ್’ ಹಾಡಿದವರು ಆ ತಂಡದ ರೋಜರ್ ವಾಟರ್ಸ್ ಅಲ್ಲ, ಹೊರಗಿನ ರಾಯ್ ಹಾರ್ಪರ್. ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ನ ಹೆಣ್ಣುದನಿಯನ್ನು ‘ಕೋರಸ್’ ಅಂದಿದ್ದೀರಿ. ಅದು ಒಬ್ಬರೇ, ಕ್ಲೇರ್ ಟೋರಿ. ಒಂದು ಪದವೂ ಇಲ್ಲದೆ ಬರೀ ದನಿಯಲ್ಲಿ ಹಾಡಿ 30 ಪೌಂಡ್ ತಗೊಂಡು ಮನೆಗೆ ಹೋದವರು. 2004ರಲ್ಲಿ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಆಮೇಲೆ ಆ ಹಾಡಿನ ರಚನೆಯಲ್ಲಿ ತಂಡದ ರಿಚರ್ಡ್ ರೈಟ್ ಹೆಸರಿನ ಜೊತೆ ಅವರ ಹೆಸರೂ ಬಂತು. ಇಂಥವನ್ನು ನೀವು ಸುಮ್ನೆ ನೆನಪಿನಿಂದ ಬರೆದಿದ್ದೀರಿ. ನೆನಪು ಕ್ಯಾಸೆಟ್ ಬಗ್ಗೆ ಬರೆಯಲು ಸಾಕು, ಹೆಸರು ಇಸವಿಗೆ ಸಾಲದು.

ಹಾಗೆಯೇ ‘ಈಗ ಕೊಳಲು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ, ವಯಸ್ಸಾದಂತೆ ಕಿವಿ ಪಕ್ವವಾಗಿದೆ’ ಅನ್ನುವ ಸಾಲು. ಸ್ವಲ್ಪ ತಾಳಿ. ಸ್ಟೀವನ್ ವಿಲ್ಸನ್ ಅನ್ನುವ ಸಂಗೀತಗಾರ ಈ ಕಾಲದ ಎಷ್ಟೋ ಆಲ್ಬಂಗಳ ಮೂಲ ಟೇಪುಗಳನ್ನು ತೆಗೆದು ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಅಂದರೆ ದನಿ, ವಾದ್ಯಗಳ ಸದ್ದನ್ನು ಮತ್ತೆ ಹೊಂದಿಸಿದ್ದಾರೆ. ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ 2009ರಲ್ಲಿ, ‘ಥಿಕ್ ಆ್ಯಸ್ ಎ ಬ್ರಿಕ್’ 2012ರಲ್ಲಿ. ನೀವು ಫೋನಿನಲ್ಲಿ ಕೇಳುತ್ತಿರುವುದು ಅದೇ ಇರಬಹುದು, ನೋಡಿಕೊಳ್ಳಿ. ಮೇಲಾಗಿ ಕ್ಯಾಸೆಟ್‌ನಿಂದ ಕ್ಯಾಸೆಟ್ಟಿಗೆ ಇಳಿಸಿದಾಗೆಲ್ಲ ಮೇಲಿನ ಸ್ವರಗಳು ಮಂಕಾಗುತ್ತವೆ, ಉಸ್ ಅನ್ನುವ ಸದ್ದು ಏರುತ್ತದೆ. ನೀವು ಆಗ ಪ್ರೀತಿಸಿದ್ದು ಆ ಮಂಕು ಸದ್ದನ್ನು. ಹಾಗಾದರೆ ಈಗ ಸಿಕ್ಕಿರುವುದು ಅದೇ ಆಲ್ಬಮ್ಮಾ? ನಿಮ್ಮ ಶೀರ್ಷಿಕೆಯಲ್ಲಿ ‘ಮತ್ತೆ’ ಅಂತ ಇದೆ. ಈ ಪ್ರಶ್ನೆಯನ್ನು ಎದುರಿಸದೆ ಆ ಲೇಖನ ಮುಗಿಯುವುದಿಲ್ಲ.

ತೆಗೆಯಬೇಕಾದ್ದು: ‘ಪ್ರೋಗ್ರೆಸಿವ್ ರಾಕ್ ಎಂದರೇನು’ ಅನ್ನುವ ಒಂದೂವರೆ ಪುಟ. ಮೂರು ನಿಮಿಷದ ಹಾಡು ಸಾಲದು ಅಂತ ಎಲ್‌ಪಿಯ ಒಂದು ಬದಿಯನ್ನೇ, ಅಂದರೆ ಇಪ್ಪತ್ತು ನಿಮಿಷದಷ್ಟನ್ನು, ಒಂದು ಹಾಡಿಗೆ ಕೊಟ್ಟವರು ಅಂದರೆ ಓದುಗರಿಗೆ ಅರ್ಥವಾಗುತ್ತದೆ. ‘ಇಂದಿನ ಸಂಗೀತ ಬರೀ ಗದ್ದಲ’ ಅನ್ನುವ ಪುಟವನ್ನೂ ತೆಗೆಯಿರಿ. ನಿಮ್ಮ ತಂದೆ ಆ ಕ್ಯಾಸೆಟ್ ಕೇಳಿ ಇದೇ ಮಾತು ಅಂದಿರುತ್ತಾರೆ. ಕೊನೆಯ ಪ್ಯಾರಾದ ಬೆಣ್ಣೆದೋಸೆ ಕೂಡ ಬೇಡ. ಊಟ ಮುಗಿದು ಎಲೆ ಮಡಚಿದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗಿದೆ. ದಾವಣಗೆರೆ ಬರಬೇಕಾದ್ದು ಬೇರೆ ಕಡೆ: ಟೇಪ್‌ರೆಕಾರ್ಡರ್ ಯಾರದು, ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ, ಪರೀಕ್ಷೆಯ ಹಿಂದಿನ ರಾತ್ರಿ ಮಂಡಕ್ಕಿ ತಿನ್ನುತ್ತಾ ಯಾವ ಬದಿ ಹಾಕುತ್ತಿದ್ದಿರಿ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗ ‘ನಾನೂ ಹೋಗಿದ್ದೆ’ ಅಂತ ಬರೆದು ಬಿಟ್ಟಿದ್ದೀರಿ. ದಾವಣಗೆರೆಯಿಂದ 260 ಕಿಲೋಮೀಟರು ಹೋದವರು ಎರಡೇ ಪದ ಹೇಳಿದರೆ ಹೇಗೆ?

ನಾನು ಪಕ್ಕದ ದುರ್ಗದವನು. ಹಾಗಾಗಿ ಸ್ವಲ್ಪ ಊರಿನ ಪಕ್ಷಪಾತದಿಂದಲೇ ಒಂದು ಸಲಹೆ: ನಮ್ಮ ತ.ರಾ.ಸು. ಅವರ ‘ಹಂಸಗೀತೆ’ ಮತ್ತೆ ಓದಿ. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕತೆ. ರೆಕಾರ್ಡಿಂಗ್ ಅನ್ನುವುದೇ ಇಲ್ಲದ ಕಾಲದ ಗಾಯಕ. ಕಾದಂಬರಿಕಾರರೂ ಆ ದನಿ ಕೇಳಿದವರಲ್ಲ, ಓದುಗರೂ ಅಲ್ಲ. ಆದರೂ ಹಾಡು ಹೇಗೆ ಕೇಳಿಸುತ್ತದೆ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕಿಕೊಳ್ಳಿ.

ಹನ್ನೊಂದರಲ್ಲಿ ಎರಡು ಆಲ್ಬಂ ಇಟ್ಟುಕೊಳ್ಳಿ, ಟಲ್ ಮತ್ತು ಜೆನೆಸಿಸ್. ಸಾವಿರದಿನ್ನೂರು ಪದ ಸಾಕು. ಇಂಟರ್ನೆಟ್ಟಿನಿಂದ ಆಲ್ಬಂ ಕವರ್ ಚಿತ್ರ ತೆಗೆದು ಕಳಿಸಬೇಡಿ, ಹಕ್ಕಿನ ತಕರಾರು ಬರುತ್ತದೆ.

ಉಳಿದ ಒಂಬತ್ತರಲ್ಲಿ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಒಂದನ್ನು ಬೇರೆ ಲೇಖನಕ್ಕೆ ಎತ್ತಿಡಿ. ಹೆರ್ಮನ್ ಹೆಸ್ಸೆ 1922ರಲ್ಲಿ ಜರ್ಮನ್ ಭಾಷೆಯಲ್ಲಿ ನಮ್ಮ ದೇಶದ ಬಗ್ಗೆ ‘ಸಿದ್ಧಾರ್ಥ’ ಕಾದಂಬರಿ ಬರೆದರು. ಅದನ್ನು ಓದಿದ ಯೆಸ್ ಗಾಯಕ ಜಾನ್ ಆ್ಯಂಡರ್ಸನ್ ಐವತ್ತು ವರ್ಷದ ಮೇಲೆ ಗಿಟಾರ್ ವಾದಕ ಸ್ಟೀವ್ ಹೌ ಜೊತೆ ಸೇರಿ ತಂಡಕ್ಕೆ ಈ ಹೆಸರಿನ ಹಾಡು ಬರೆದರು. ಅದು ಕ್ಯಾಸೆಟ್ ಆಗಿ ದಾವಣಗೆರೆ ಹಾಸ್ಟೆಲ್ಲಿಗೆ ಬಂತು. ನಿಮ್ಮ ರೂಮಿನಲ್ಲಿ ಯಾರಿಗಾದರೂ ಅದರಲ್ಲಿ ನಮ್ಮ ಕಡೆಯದು ಏನಾದರೂ ಕೇಳಿಸಿತ್ತಾ? ಕೇಳಿಸಿದ್ದರೆ ಬರೆಯುವ ಮೊದಲು ನನಗೊಂದು ಫೋನ್ ಮಾಡಿ.

ಇಂತಿ,
ಸಂಪಾದಕ