ಒದ್ದೆಯಾದರೂ ಹೊತ್ತುವ, ಹಗುರವಾದ ಫೈರ್ ಸ್ಟಾರ್ಟರ್ ಯಾವುದು?

ಅಕ್ಟೋಬರ್‌ನಲ್ಲಿ ಉತ್ತರಾಖಂಡಕ್ಕೆ ನಿಮ್ಮ ಮೊದಲ ಟ್ರೆಕ್. ತುರ್ತು ಕಿಟ್‌ನಲ್ಲಿ ಬೆಂಕಿ ಸಾಮಾನು 50 ಗ್ರಾಂ ಮೀರಬಾರದು, ನೆನೆದರೂ ಕೆಲಸ ಮಾಡಬೇಕು, ಒಂದು ಫೆರೋ ರಾಡ್ (ಗೀರಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ) ಕೊಂಡರೆ ಸಾಕಾ ಎಂದು ಕೇಳಿದ್ದೀರಿ.

ಸಾಲದು. ಒಂದು ಸಣ್ಣ ಲೈಟರ್, ವ್ಯಾಸಲಿನ್ ಹಚ್ಚಿದ ಆರು ಹತ್ತಿ ಉಂಡೆ, ಜೊತೆಗೆ ಬೆರಳುದ್ದದ ಫೆರೋ ರಾಡ್. ಇಷ್ಟನ್ನು ಇಡಿ. ಮೂರೂ ಸೇರಿ 50 ಗ್ರಾಂ ಒಳಗೇ ಬರುತ್ತವೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ಹತ್ತಿ ಉಂಡೆ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ನಾಲ್ಕು ವರ್ಷದ ಹಿಂದೆ ಜುಲೈನಲ್ಲಿ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ನಮ್ಮದೇ ತೋಟದ ಮೇಲಿನ ಗುಡ್ಡಕ್ಕೆ ಹೋಗಿದ್ದೆವು. ನೀರಿನ ಪೈಪ್ ಕಿತ್ತುಹೋಗಿತ್ತು. ಕೆಲಸ ಮುಗಿಯುವಷ್ಟರಲ್ಲಿ ಹಳ್ಳ ತುಂಬಿ, ದಾಟುವ ಹಾಗಿರಲಿಲ್ಲ. ಸೋಗೆ ಹೊದೆಸಿದ ಹಳೇ ಗುಡಿಸಲಲ್ಲಿ ಕೂತೆವು. ಇಬ್ಬರೂ ಪೂರ್ತಿ ನೆನೆದಿದ್ದೆವು. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಕೈಯಲ್ಲಿ ಲೈಟರ್ ಇತ್ತು, ಅದು ಹೊತ್ತುತ್ತಲೂ ಇತ್ತು. ಆದರೆ ಪುರಲೆ ಕಡ್ಡಿಗೆ ಹಿಡಿದರೆ ಹೊಗೆ ಬರುವುದು, ನಂದುವುದು. ಮತ್ತೆ ಹೊಗೆ, ಮತ್ತೆ ನಂದುವುದು. ಲೈಟರಿನ ಲೋಹ ಕಾದು ಬೆರಳು ಸುಟ್ಟಿತೇ ಹೊರತು ಒಂದು ಕಡ್ಡಿಯೂ ಹಿಡಿಯಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ನೀರು ಇಳಿದು ಮನೆ ಸೇರಿದೆವು. ಅಷ್ಟು ಹೊತ್ತು ಅವನು ನಡುಗಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಕಿಡಿಯಾಗಲಿ, ಲೈಟರಿನ ಜ್ವಾಲೆಯಾಗಲಿ ಅಂದು ನಮಗೆ ಕಡಿಮೆ ಇರಲಿಲ್ಲ. ಬೇಕಾಗಿದ್ದದ್ದು ಕೈಬಿಟ್ಟರೂ ತನ್ನ ಪಾಡಿಗೆ ನಾಲ್ಕೈದು ನಿಮಿಷ ಉರಿಯುವ ಏನಾದರೂ ಒಂದು. ಒದ್ದೆ ಕಡ್ಡಿಯ ನೀರು ಮೊದಲು ಆರಬೇಕು. ಆಮೇಲಷ್ಟೇ ಅದು ಹೊತ್ತುವುದು. ಆರುವ ತನಕ ಕಾಯುವ ಬೆಂಕಿ ಬೇಕು.

ಅವತ್ತಿನಿಂದ ಪ್ರತಿ ಜುಲೈ ನಮ್ಮ ಅಂಗಳದಲ್ಲಿ ಇದನ್ನೇ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಸಾಮಾನನ್ನು ಒಂದು ರಾತ್ರಿ ಬಕೆಟ್ ನೀರಲ್ಲಿ ಬಿಡುವುದು. ಬೆಳಿಗ್ಗೆ ಕೊಡವಿ, ಜಡಿಮಳೆಯಲ್ಲಿ ಒಂದು ಅಡಿಕೆ ಹಾಳೆ ಅಡ್ಡ ಹಿಡಿದು ಹಚ್ಚುವುದು. ಎಷ್ಟು ಹೊತ್ತು ಉರಿಯಿತು, ಹೊರಗೆ ಬಿದ್ದಿದ್ದ ಬೆರಳು ದಪ್ಪದ ಕಡ್ಡಿ ಹಿಡಿಯಿತಾ ಎಂದು ನೋಡುವುದು. ಕೈಯನ್ನೂ ತಣ್ಣೀರಲ್ಲಿ ಐದು ನಿಮಿಷ ಇಟ್ಟುಕೊಂಡು ಮರಗಟ್ಟಿದ ಮೇಲೆ ಮಾಡುತ್ತೇನೆ. ಬೆಚ್ಚಗಿನ ಕೈಯಲ್ಲಿ ಎಲ್ಲವೂ ಸುಲಭವೇ ಅಲ್ವಾ.

ಹತ್ತಿ ಉಂಡೆಗೆ ಹೋಲಿಕೆ ನಮ್ಮ ದೇವರ ಮನೆಯಲ್ಲೇ ಇದೆ. ಹತ್ತಿಯೇ ಬತ್ತಿ, ವ್ಯಾಸಲಿನ್ನೇ ಎಣ್ಣೆ. ಉರಿಯುವುದು ಎಣ್ಣೆ, ಬತ್ತಿ ಅದನ್ನು ಮೇಲಕ್ಕೆ ಎಳೆದುಕೊಡುತ್ತದೆ ಅಷ್ಟೇ. ನೀರು ಒಳಗೆ ಇಳಿಯಲು ವ್ಯಾಸಲಿನ್ ಬಿಡುವುದಿಲ್ಲ. ಒಂದು ರಾತ್ರಿ ನೆನೆದದ್ದು ಕೊಡವಿದ ತಕ್ಷಣ ಹೊತ್ತಿತು, ನಾಲ್ಕು ನಿಮಿಷದ ಮೇಲೆ ಉರಿಯಿತು. ನಿಂಬೆಕಾಯಿ ಗಾತ್ರದ ಉಂಡೆಗೆ ಅರ್ಧ ಚಮಚ ಸಾಕು. ಹೊರಮೈಗೆ ತಿಕ್ಕಿ, ನಡುವಿನ ಹತ್ತಿಯನ್ನು ಒಣದಾಗಿಯೇ ಬಿಡಿ. ನಾನು ಮೊದಲ ಸಲ ಪೂರ್ತಿ ಅದ್ದಿಬಿಟ್ಟಿದ್ದೆ. ಅದಕ್ಕೆ ಫೆರೋ ರಾಡಿನ ಕಿಡಿ ಹಿಡಿಯಲೇ ಇಲ್ಲ. ಕಿಡಿಗೆ ಒಣ ಎಳೆ ಬೇಕು. ಹಚ್ಚುವಾಗ ಉಂಡೆಯನ್ನು ಎರಡಾಗಿ ಎಳೆದು, ಒಳಗಿನ ಎಳೆಯನ್ನು ನವಿರಾಗಿ ಬಿಡಿಸಿ, ಅಲ್ಲಿಗೆ ಕಿಡಿ ಬೀಳಿಸಿ. ಹತ್ತಿ ಅಪ್ಪಟ ಹತ್ತಿಯೇ ಆಗಿರಲಿ. ಮೇಕಪ್ ಒರೆಸುವ ಕೆಲವು ಉಂಡೆಗಳಲ್ಲಿ ಪಾಲಿಯೆಸ್ಟರ್ ಇರುತ್ತದೆ. ಚೂರು ಸುಟ್ಟು ನೋಡಿ, ಕರಗಿ ಮಣಿಯಾದರೆ ಅದು ಬೇಡ.

ಪೂಜೆಗೆ ಸಿಗುವ ರೆಡಿ ತುಪ್ಪದ ಹೂಬತ್ತಿಯನ್ನೂ ನೋಡಿದೆ. ಒಂದೊಂದು ಹತ್ತು ನಿಮಿಷಕ್ಕೂ ಜಾಸ್ತಿ ಉರಿಯಿತು! ಆದರೆ ಜ್ವಾಲೆ ತೀರಾ ಚಿಕ್ಕದು, ಗಾಳಿಗೆ ನಿಲ್ಲದು. ಮೂರನ್ನು ಒಟ್ಟಿಗೆ ಹೊಸೆದರೆ ಚೆನ್ನಾಗಿ ಕೆಲಸ ಮಾಡಿತು. ಬಿಸಿಲಿಗೆ ಕರಗಿ ಚೀಲವೆಲ್ಲಾ ಜಿಡ್ಡಾಗುವುದು, ಇರುವೆ ಬರುವುದು ಇದರ ತೊಂದರೆ.

ಕರ್ಪೂರ ನನಗೆ ತುಂಬಾ ಇಷ್ಟವಾದದ್ದು. ಅದು ನೀರಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಒದ್ದೆ ಎಲೆಯ ಮೇಲಿಟ್ಟರೂ ಒಂದೇ ಕಡ್ಡಿಗೆ ಭಗ್ಗನೆ ಹೊತ್ತುತ್ತದೆ. ಬಾಣಲೆಯ ನೀರಿನ ಮೇಲೆ ತೇಲಿಬಿಟ್ಟು ಹಚ್ಚಿದೆ, ಅಲ್ಲೂ ಉರಿಯಿತು. ಹಾಗಾದರೆ ಯಾಕೆ ಮೊದಲ ಸ್ಥಾನ ಇಲ್ಲ? ಒಂದು ಬಿಲ್ಲೆ ಒಂದೆರಡು ನಿಮಿಷದಲ್ಲೇ ಮುಗಿಯುತ್ತದೆ. ಅಲ್ಲದೆ ಕರ್ಪೂರ ತೆರೆದಿಟ್ಟರೆ ಆವಿಯಾಗಿ ಹಾರಿಹೋಗುತ್ತದೆ. ಕಾಗದದಲ್ಲಿ ಸುತ್ತಿ ಮರೆತಿದ್ದ ಬಿಲ್ಲೆಗಳು ಮುಂದಿನ ಮಳೆಗಾಲಕ್ಕೆ ಚೂರಾಗಿದ್ದವು. ಕಿಟ್ ಅಂದರೆ ವರ್ಷಗಟ್ಟಲೆ ಮುಟ್ಟದೆ ಇರುವ ಸಾಮಾನು, ಹಾಗಾಗಿ ಇದು ದೊಡ್ಡ ಕೊರತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಪ್ರತಿ ಟ್ರೆಕ್‌ಗೆ ಹೊಸದು ಹಾಕುವುದಾದರೆ ಖಂಡಿತ ಒಯ್ಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ. ಸ್ವಲ್ಪ ನುಂಗಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು.

ಸೈಕಲ್ ಟ್ಯೂಬಿನ ಪಟ್ಟಿ ನೀರಿಗೆ ಜಗ್ಗುವುದಿಲ್ಲ, ಗಾಳಿಗೂ ಆರುವುದಿಲ್ಲ. ಆದರೆ ಕಪ್ಪು ಹೊಗೆ, ಕೆಟ್ಟ ವಾಸನೆ. ಬೇರೇನೂ ಇಲ್ಲದಾಗ ಸರಿ. ಸ್ಯಾನಿಟೈಸರ್ ಮಾತ್ರ ದಯವಿಟ್ಟು ಬೇಡ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿತು ಅಂದುಕೊಂಡು ಮತ್ತೆ ಸುರಿದರೆ ಕೈಗೆ, ಬಟ್ಟೆಗೆ ಬೆಂಕಿ ಹತ್ತುತ್ತದೆ.

ಈಗ ಫೆರೋ ರಾಡ್. ಹಳಬರ ಚಕಮಕಿಯಲ್ಲಿ ಕಲ್ಲು ಉಕ್ಕನ್ನು ಕೆರೆಯುತ್ತದೆ, ಉರಿಯುವುದು ಉಕ್ಕಿನ ಪುಡಿ. ಅದರ ಮಂದ ಕಿಡಿಗೆ ಬಗನಿ ಮರದ ಎಲೆಯ ಬುಡದ ನವಿರು ನಾರಿನಂಥದ್ದು ಬೇಕಿತ್ತು. ಫೆರೋ ರಾಡಿನಲ್ಲಿ ರಾಡೇ ಉರಿಯುತ್ತದೆ. ಅದರ ಲೋಹವನ್ನು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಮಾಡಿದರು. ಲೈಟರಿನ ಚಕ್ರದ ಕೆಳಗಿನ ಪುಟ್ಟ ಕಲ್ಲೂ ಇದೇ. ಕಿಡಿ ಸುಮಾರು 3000 ಡಿಗ್ರಿ ಬಿಸಿ. ನೆನೆದರೆ ಒರೆಸಿ ಗೀರಿದರೆ ಆಯಿತು. ಆದರೆ ಕಿಡಿ ಒಂದು ಕ್ಷಣದ್ದು. ಕೆಳಗೆ ಒಳ್ಳೆಯ ಹತ್ತಿ ಇಲ್ಲದಿದ್ದರೆ ಸುಮ್ನೆ ಗೀರುತ್ತಾ ಕೂರಬೇಕು. ಹೊಸ ರಾಡಿನ ಮೇಲೆ ಕಪ್ಪು ಬಣ್ಣ ಇರುತ್ತದೆ, ಮನೆಯಲ್ಲೇ ಕೆರೆದು ತೆಗೆಯಿರಿ. ಗೀರುವಾಗ ರಾಡಿನ ಜೊತೆ ಬರುವ ಉಕ್ಕಿನ ಪಟ್ಟಿಯನ್ನು ಅಲ್ಲಾಡಿಸದೆ ಹಿಡಿದು ರಾಡನ್ನು ಹಿಂದಕ್ಕೆ ಎಳೆಯಿರಿ. ಪಟ್ಟಿಯನ್ನು ಮುಂದೆ ತಳ್ಳಿದರೆ ಹತ್ತಿಯೇ ಹಾರಿಹೋಗುತ್ತದೆ.

ಬೆಂಕಿಪೊಟ್ಟಣವನ್ನು ನಾನು ಕೈಬಿಟ್ಟೆ. ಕಡ್ಡಿಯ ತಲೆಗೆ ಮೇಣ ಹಾಕಿ ಕಾಪಾಡಬಹುದು. ಮೊದಲು ಕೆಡುವುದು ಪೊಟ್ಟಣದ ಪಕ್ಕದ ಗೀರುಪಟ್ಟಿ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಪೊಟ್ಟಣವನ್ನು ಒಲೆಯ ಪಕ್ಕವೇ ಇಡುವುದು ಇದಕ್ಕೇ.

ಲೈಟರ್ ಚಕ್ರ ತಿರುಗಿಸುವ ಬಗೆಯದೇ ಇರಲಿ. ಟಕ್ ಎಂದು ಒತ್ತುವ ಲೈಟರ್ ಎತ್ತರದಲ್ಲಿ ಆಗಾಗ ಕೈಕೊಡುತ್ತದೆ. ಯಾವ ಲೈಟರ್ ಆದರೂ ಒಳಗಿನ ಬ್ಯುಟೇನ್ ಇಂಧನ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಅಕ್ಟೋಬರ್ ರಾತ್ರಿಗಳಲ್ಲಿ ಅಲ್ಲಿ ಅಷ್ಟು ಚಳಿ ಇರುತ್ತದೆ. ಒಳ ಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ, ಸಾಕು.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಇರಲಿಲ್ಲ, ಆದರೂ ಹೇಳಲೇಬೇಕು. ಮರಗಳ ಗಡಿ ದಾಟಿದ ಮೇಲೆ ಈ ಯಾವುದರಿಂದಲೂ ಹೆಚ್ಚು ಉಪಯೋಗ ಇಲ್ಲ, ಸುಡಲು ಸೌದೆಯೇ ಇರುವುದಿಲ್ಲ. ಅಲ್ಲಿ ಜೀವ ಉಳಿಸುವುದು ಒಣ ಬಟ್ಟೆ, ಸ್ಲೀಪಿಂಗ್ ಬ್ಯಾಗ್, ಸ್ಟೌವ್. ಬುಗ್ಯಾಲ್ ಎಂದು ಕರೆಯುವ ಅಲ್ಲಿನ ಹುಲ್ಲುಗಾವಲುಗಳು ಎಷ್ಟು ನಾಜೂಕು ಅಂದರೆ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದವರೇ 20ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವೆಲ್ಲಾ ನೋಡಿದ್ದೇವೆ. ಸಂಜೆ ಕೂತು ಹಾಡಲು ಈ ಕಿಟ್ ತೆಗೆಯಬೇಡಿ. ಯಾರಾದರೂ ಚಳಿಗೆ ನಡುಗಿ ಮಾತು ತೊದಲುತ್ತಿದ್ದಾರೆ, ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ ತೆಗೆಯಿರಿ. ಟೆಂಟ್ ಒಳಗಂತೂ ಬೆಂಕಿ ಬೇಡವೇ ಬೇಡ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಅಂಥ ಹೊತ್ತು ಬಂದರೆ ನೆಲದ ಮೇಲೆ ಬಿದ್ದ ಕಡ್ಡಿ ಹೆಕ್ಕಬೇಡಿ, ಅದು ನೀರು ಕುಡಿದಿರುತ್ತದೆ. ಮರದಲ್ಲೇ ಒಣಗಿ ನಿಂತ ಕೊಂಬೆ ಮುರಿಯಿರಿ. ಚಾಕುವಿನಿಂದ ಸೀಳಿದರೆ ಒಳಗೆ ಒಣಗಿರುತ್ತದೆ, ಆ ಚಕ್ಕೆಗಳನ್ನು ಉಂಡೆಯ ಸುತ್ತ ಗಾಳಿಯಾಡುವಂತೆ ನಿಲ್ಲಿಸಿ. ಕಡ್ಡಿ ಬೆಂಕಿಪೊಟ್ಟಣದ ಕಡ್ಡಿಯಷ್ಟು ಸಣ್ಣದರಿಂದ ಶುರುವಾಗಿ ಬೆರಳಿನ ದಪ್ಪಕ್ಕೆ ಬರಲಿ. ಉಂಡೆ ಹಚ್ಚುವ ಮುಂಚೆಯೇ ಇದೆಲ್ಲಾ ಪಕ್ಕದಲ್ಲಿ ತಯಾರಿರಬೇಕು. ನಾಲ್ಕು ನಿಮಿಷ ಬೇಗ ಮುಗಿದುಹೋಗುತ್ತದೆ.

ವಿಮಾನದಲ್ಲಿ ಹೋಗುವುದಾದರೆ ಲೈಟರ್ ಬೆಂಗಳೂರಿನಲ್ಲೇ ತೆಗೆಸಿಬಿಡುತ್ತಾರೆ. ಕರ್ಪೂರವೂ ಒಯ್ಯಬೇಡಿ. ಎರಡೂ ಡೆಹ್ರಾಡೂನ್, ಋಷಿಕೇಶದ ಅಂಗಡಿಗಳಲ್ಲಿ ಸಿಗುತ್ತವೆ, ಹತ್ತಿ ಮತ್ತು ವ್ಯಾಸಲಿನ್ ಕೂಡ. ಉಂಡೆಗಳನ್ನು ಹೊರಡುವ ಹಿಂದಿನ ರಾತ್ರಿ ಅಲ್ಲೇ ಮಾಡಿಕೊಳ್ಳಬಹುದು. ಆದರೆ ಒಂದು ಉಂಡೆಯನ್ನು ಈ ವಾರವೇ ಮನೆಯಲ್ಲಿ ನೆನೆಸಿ, ತಣ್ಣಗಿನ ಕೈಯಲ್ಲಿ ಹಚ್ಚಿ ನೋಡಿ. ಹಿಡಿಯದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಎಲ್ಲಿ ತಪ್ಪಿತು ಅಂತ ನೋಡೋಣ.