ಗೋಡೌನಿಗೆ ನೆಲದಡಿ ಕರೆಂಟ್

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮನೆಯಿಂದ ಗೋಡೌನಿಗೆ 60 ಮೀಟರ್. ಮರದಿಂದ ಮರಕ್ಕೆ ಎಳೆದ ವೈರ್ ಪ್ರತಿ ಮಳೆಗಾಲ ಸಿಲ್ವರ್ ಓಕ್ ಕೊಂಬೆ ಬಿದ್ದು ಹರಿಯುತ್ತದೆ. ಮನೆ ವೈರನ್ನೇ ಪಿವಿಸಿ ಪೈಪಿನಲ್ಲಿ ಹಾಕಿ ಒಂದಡಿ ಆಳದಲ್ಲಿ ಹೂತರೆ ಸಾಕಾ?

ಉತ್ತರ: ಬೇಡ ಮಾರಾಯ್ರೆ. ಮಲೆನಾಡಿನ ಮಳೆಗೆ ಪೈಪಿನೊಳಗೂ ನೀರು ಸೇರುತ್ತದೆ, ಒಂದಡಿ ಅಂದರೆ ಬುಡ ಬಿಡಿಸುವಾಗ ಗುದ್ದಲಿಗೆ ಸಿಗುವಷ್ಟೇ ಆಳ. ಆರ್ಮರ್ಡ್ ಕೇಬಲ್, ಅಂದರೆ ಒಳಗೆ ಕಬ್ಬಿಣದ ಕವಚ ಇರುವ ಕೇಬಲ್, ತೆಗೆದುಕೊಳ್ಳಿ. ಎರಡೂವರೆ ಅಡಿ ಆಳದ ಗುಂಡಿ ತೋಡಿಸಿ, ಕೇಬಲ್ಲಿನ ಅಡಿಗೆ ಮರಳು, ಮೇಲೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ; ನಾಳೆ ಯಾರೋ ಅಗೆದರೆ ಹಾರೆ ಮೊದಲು ಇಟ್ಟಿಗೆಗೆ ತಾಗಲಿ. ಜೀಪ್ ಓಡಾಡುವ ಕಡೆ ಗಟ್ಟಿ ಪೈಪಿನೊಳಗೆ ದಾಟಿಸಿ. ಕೇಬಲ್ಲಿನ ತಂತಿಯ ದಪ್ಪದಲ್ಲಿ ಜಿಪುಣತನ ಬೇಡ. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ 16 ಆಂಪಿಯರ್ ಎಳೆದರೆ ಅಷ್ಟು ದೂರಕ್ಕೆ ಸುಮಾರು 14 ವೋಲ್ಟ್ ಹೋಗಿಬಿಡುತ್ತದೆ, 6 ಚದರ ಮಿಲಿಮೀಟರಿನದು ಹಾಕಿದರೆ ನಷ್ಟ ಆರು ವೋಲ್ಟಿನೊಳಗೆ ನಿಲ್ಲುತ್ತದೆ. ನಮ್ಮ ಕಡೆ ವೋಲ್ಟೇಜ್ ಮೊದಲೇ ಕಡಿಮೆ ಅಲ್ವಾ! ಕೇಬಲ್ಲಿನ ಕಬ್ಬಿಣದ ಕವಚವನ್ನು ಅರ್ತ್‌ಗೆ ಸೇರಿಸಲೇಬೇಕು, ಗೋಡೌನಿನಲ್ಲೂ ಬೇರೆ ಅರ್ತಿಂಗ್ ಇರಲಿ, ಮನೆ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಗುಂಡಿ ನೀವೇ ತೋಡಿಸಿ, ಜೋಡಣೆ ಮಾತ್ರ ಲೈಸೆನ್ಸ್ ಇರುವವರೇ ಮಾಡಲಿ. ಮುಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.